ಪಂಚರ ಸಮಕ್ಷಮ ಹುಟ್ಟಿದ ನಾಟಕಕಾರ

ನಮ್ಮ ಮಾವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಆದ್ದರಿಂದಲೇ ಅವರು ಕಾದಂಬರಿ ಬರೆಯಲು ಕುಳಿತಾಗ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕಿನ ಜನ ಅವರ ಪರವಾಗಿ ಸುಳ್ಳು ಹೇಳಬೇಕಾಯಿತು!

ಮಾವ ಎಂದರೆ ನನ್ನ ತಾಯಿಯ ಅಣ್ಣ. ನನ್ನನ್ನು ಸಾಕಿ, ಓದಿಸಿ, ಮೈಸೂರಿನಲ್ಲಿ ಚರಿತ್ರೆಯ ಎಂ.ಎ. ಮಾಡಿಸಿದವರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ‘ತಂದೆಯ ಹೆಸರು, ವಯಸ್ಸು, ವಾಸ ಎಲ್ಲಿ ಬಿಟ್ಟೆ?’ ಎಂದು ಅವರೇ ಕೇಳಿಯಾರು.

ಮಾವ ಮೂವತ್ತು ವರ್ಷ ಕಂದಾಯ ಇಲಾಖೆಯಲ್ಲಿ ಶೇಕ್ದಾರರಾಗಿದ್ದರು. ನಾಲ್ಕು ತಾಲ್ಲೂಕಿನ ಹೊಲ, ತೋಟ, ಕೆರೆ, ಗೋಮಾಳಗಳೆಲ್ಲ ಅವರ ಪಾದಗಳಿಗೆ ಪರಿಚಯ. ಮೂವತ್ತು ವರ್ಷದ ಸೇವೆಯಿಂದ ಅವರಿಗೆ ಒಂದು ಸಿದ್ಧಾಂತ ಗಟ್ಟಿಯಾಗಿತ್ತು: ಬರವಣಿಗೆಯಲ್ಲಿ ಇಲ್ಲದ್ದು ಜಗತ್ತಿನಲ್ಲಿ ನಡೆದಿಲ್ಲ, ಬರವಣಿಗೆಯಲ್ಲಿದ್ದೂ ಕೆಳಗೆ ಸಾಕ್ಷಿಗಳ ರುಜು ಇಲ್ಲದಿದ್ದರೆ ಅದೂ ನಡೆದಿಲ್ಲ. ಅತ್ತೆ ಅಡುಗೆಮನೆಯಿಂದ ‘ಬೆಕ್ಕು ಹಾಲು ಕುಡೀತು’ ಎಂದು ಕೂಗಿದರೆ ಮಾವ ಪಡಸಾಲೆಯಿಂದ ‘ಕುಡ್ದಿದ್ದು ಯಾರ್ ನೋಡಿದ್ರು?’ ಎಂದು ಕೇಳುತ್ತಿದ್ದರು. ‘ಬೆಕ್ಕು ನೋಡ್ತು’ ಎನ್ನುವುದು ಅತ್ತೆಯ ಉತ್ತರ. ಬೆಕ್ಕಿನ ಹೇಳಿಕೆಯನ್ನು ಬರೆದುಕೊಳ್ಳುವ ಕ್ರಮ ಇಲಾಖೆಯಲ್ಲಿ ಇರಲಿಲ್ಲವಾದ್ದರಿಂದ ವಿಚಾರಣೆ ಅಲ್ಲಿಗೇ ನಿಲ್ಲುತ್ತಿತ್ತು.

ಇಂಥವರು ನಿವೃತ್ತರಾದರು. ಕಾದಂಬರಿ ಬರೆಯಲು ಇದಕ್ಕಿಂತ ಯೋಗ್ಯತೆ ಬೇಕೆ?

ಅವರ ಕಥಾನಾಯಕ ನಮ್ಮ ಸೀಮೆಯ ಒಬ್ಬ ಪ್ರಸಿದ್ಧ ನಾಟಕಕಾರ. ಮುನ್ನೂರು ವರ್ಷಗಳ ಹಿಂದೆ ಪಾಳೇಗಾರರ ಆಸ್ಥಾನದಲ್ಲಿದ್ದು ಮೂರು ನಾಟಕ ಬರೆದವನು. ಅವನ ಹೆಸರನ್ನೂ ನಾನು ಹೇಳುವುದಿಲ್ಲ. ಅವನ ವಂಶದವರೆಂದು ಹೇಳಿಕೊಳ್ಳುವವರು ಪ್ರತಿ ಹೋಬಳಿಯಲ್ಲೂ ಒಂದೊಂದು ಗುಂಪು ಇದ್ದಾರೆ. ನನಗೆ ಜಗಳ ಬೇಡ. ಇಪ್ಪತ್ತನೆಯ ವಯಸ್ಸಿನಲ್ಲಿ ಓಲೆಗರಿಯ ಕಟ್ಟು ಹಿಡಿದು ಆಸ್ಥಾನದ ಬಾಗಿಲಲ್ಲಿ ನಿಂತ ದಿನದಿಂದ ಅವನ ವಿಷಯ ಎಲ್ಲರಿಗೂ ಗೊತ್ತು. ಅದಕ್ಕೆ ಹಿಂದಿನದು ಯಾರಿಗೂ ಗೊತ್ತಿಲ್ಲ. ಎಲ್ಲಿ ಹುಟ್ಟಿದ, ಯಾರು ಸಾಕಿದರು, ಎಲ್ಲಿ ಓದಿದ, ಒಂದು ಸಾಲಿನ ದಾಖಲೆಯೂ ಇಲ್ಲ.

‘ಇಪ್ಪತ್ತು ವರ್ಷ ಖಾಲಿ ಬುಟ್ಟವ್ರೆ!’ ಎಂದು ಮಾವ ಕೊತಕೊತ ಕುದಿದರು. ‘ಏನ್ ಬೇಜವಾಬ್ದಾರಿ ಜನ ಅಂತೀನಿ! ಪಹಣೀಲಿ ನಾನು ಒಂದೇ ಒಂದು ಕಾಲಂ ಖಾಲಿ ಬುಟ್ಟಿದ್ರೆ ಅಮಲ್ದಾರ್ರು ಚರ್ಮ ಸುಲ್ದುಬುಡೋರು.’

‘ದಾಖಲೆ ಇಲ್ಲದ ಕಡೆ ಚರಿತ್ರೆ ಬರೆಯೋರು ಸುಮ್ಮನಿರಬೇಕು ಮಾವ’ ಎಂದೆ.

‘ಅದಕ್ಕೇ ಕಾದಂಬರಿ ಬರೀತೀನಿ ಅಂದಿದ್ದು.’

‘ಹಾಗಿದ್ದರೆ ಕಲ್ಪಿಸಿಕೊಂಡು ಬರೆಯಿರಿ. ಯಾರು ಬೇಡ ಅಂತಾರೆ?’

ಮಾವ ನನ್ನನ್ನು ಲಂಚ ಕೊಡಲು ಬಂದವಳನ್ನು ನೋಡುವಂತೆ ನೋಡಿದರು. ‘ಕಲ್ಪಿಸ್ಕೊಳ್ಳೋದಾ? ಸರ್ಕಾರಿ ನೌಕರಿ ಮಾಡಿರೋನು ಕಣಮ್ಮ ನಾನು!’

ಹಾಗಾದರೆ ಕಲ್ಪಿಸಿಕೊಳ್ಳದೆ ಕಾದಂಬರಿ ಬರೆಯುವುದು ಹೇಗೆ? ಮಹಜರು ಮಾಡಿ! ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದು ಜಮೀನಿನ ತಂಟೆಯೋ, ಮನೆ ಬಿದ್ದದ್ದೋ ಇದ್ದರೆ ಶೇಕ್ದಾರರು ಸ್ಥಳಕ್ಕೆ ಹೋಗಿ ಊರಿನ ಐದು ಜನ ಮರ್ಯಾದಸ್ಥರನ್ನು ಕರೆಯುತ್ತಾರೆ. ಇವರೇ ಪಂಚರು. ಅವರು ಹೇಳಿದ್ದನ್ನು ಬರೆದು, ಓದಿ ಹೇಳಿ, ಕೆಳಗೆ ರುಜು ಇಲ್ಲವೇ ಹೆಬ್ಬೆಟ್ಟು ಹಾಕಿಸಿಕೊಳ್ಳುತ್ತಾರೆ. ಅದು ಮಹಜರು. ಮಾವ ತಮ್ಮ ಕಾದಂಬರಿಯ ಒಂದೊಂದು ಅಧ್ಯಾಯವನ್ನೂ ಹೀಗೆಯೇ ಬರೆಯಲು ನಿಶ್ಚಯಿಸಿದರು. ಬಟ್ಟೆಯ ಚೀಲದಲ್ಲಿ ಕಾಗದ, ಮಸಿಕುಡಿಕೆ, ಹೆಬ್ಬೆಟ್ಟು ಒತ್ತಿಸುವ ಮಸಿಪೆಟ್ಟಿಗೆ ಇಟ್ಟುಕೊಂಡು ಬಸ್ಸು ಹತ್ತಿದರು.

ನಾನು ಆಗಷ್ಟೇ ಪರೀಕ್ಷೆ ಮುಗಿಸಿ ಮಧುಗಿರಿಗೆ ಬಂದಿದ್ದೆ. ನನ್ನ ಅಕ್ಷರ ದುಂಡಗಿದೆ ಎಂಬ ಏಕಮಾತ್ರ ತಪ್ಪಿಗೆ ಶುದ್ಧಪ್ರತಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅಷ್ಟೇ ಆಗಿದ್ದರೆ ಮಾಡಿ ಮುಗಿಸುತ್ತಿದ್ದೆ. ಆದರೆ ಮಾವ ಬೆಂಗಳೂರಿನ ಒಬ್ಬ ಪ್ರಕಾಶಕರಿಗೆ ಕಾಗದ ಬರೆದಿದ್ದರು. ಪ್ರಕಾಶಕರು ಜಾಣರು, ನೇರವಾಗಿ ಇಲ್ಲವೆನ್ನಲಿಲ್ಲ. ‘ಚರಿತ್ರೆಯಲ್ಲಿ ಪದವಿ ಪಡೆದವರು ಯಾರಾದರೂ ಪ್ರತಿ ಅಧ್ಯಾಯವನ್ನೂ ಪರಿಶೀಲಿಸಿ ರುಜು ಹಾಕಿ ಕೊಟ್ಟರೆ, ಅವರ ಹೆಸರನ್ನೂ ಅಚ್ಚು ಹಾಕಿ, ಪ್ರಕಟಿಸಬಹುದು’ ಎಂದು ಬರೆದರು. ಮಧುಗಿರಿಯಲ್ಲಿ ಚರಿತ್ರೆಯ ಪದವೀಧರರು ಎಲ್ಲಿ ಸಿಕ್ಕಾರು ಎಂಬ ಧೈರ್ಯ ಅವರದು. ಪಡಸಾಲೆಯಲ್ಲೇ ಒಬ್ಬಳು ಕುಳಿತಿದ್ದಾಳೆಂದು ಅವರಿಗೇನು ಗೊತ್ತು!

ನನಗೂ ಒಂದು ಕಾಗದ ಬಂದಿತ್ತು. ಮೈಸೂರಿನ ನನ್ನ ಪ್ರೊಫೆಸರರು ಮುಂದಿನ ವರ್ಷದಿಂದ ತಮ್ಮ ಕೈಕೆಳಗೆ ಸಂಶೋಧನೆಗೆ ಸೇರಿಸಿಕೊಳ್ಳುವುದಾಗಿ ಬರೆದಿದ್ದರು. ಒಂದೇ ಪುಟದಲ್ಲಿ ಎರಡು ಸಲ ‘ಬಹುಶಃ’ ಎಂದು ಬರೆದವನನ್ನು ತರಗತಿಯಿಂದ ಆಚೆಗೆ ಕಳುಹಿಸಿದ ಮಹಾನುಭಾವರು ಅವರು. ನನ್ನ ಹತ್ತಿರ ಇದ್ದದ್ದು ಒಂದು ಪದವಿ, ಒಂದು ಹೆಸರು. ಆ ಹೆಸರನ್ನು ಮಾವನ ಮಹಜರಿನ ಕೆಳಗೆ ಕಂಡರೆ ಪ್ರೊಫೆಸರರು ಏನೆಂದಾರು ಎಂದು ಊಹಿಸಲು ದಾಖಲೆ ಬೇಕಿರಲಿಲ್ಲ. ಶುದ್ಧಪ್ರತಿ ಬರೆದುಕೊಡುತ್ತೇನೆ, ರುಜು ಮಾತ್ರ ಹಾಕುವುದಿಲ್ಲ ಎಂದು ಹೇಳಿದೆ.

ಮಾವ ಒತ್ತಾಯ ಮಾಡಲಿಲ್ಲ. ಕೋಪವನ್ನೂ ಮಾಡಿಕೊಳ್ಳಲಿಲ್ಲ. ಪ್ರತಿ ಅಧ್ಯಾಯದ ಕೊನೆಯಲ್ಲಿ ‘ಪರಿಶೀಲಿಸಿದ್ದೇನೆ’ ಎಂದು ಬರೆದು, ಅದರ ಕೆಳಗೆ ಒಂದು ಅಂಗುಲ ಜಾಗ ಬಿಟ್ಟರು. ಬೆಳಿಗ್ಗೆ ಎದ್ದು ನನ್ನ ಪೆನ್ನಿಗೆ ಮಸಿ ತುಂಬಿಸಿ ಮೇಜಿನ ಮೇಲೆ ಇಡುತ್ತಿದ್ದರು, ಅಷ್ಟೇ. ಸರ್ಕಾರಿ ನೌಕರರ ತಾಳ್ಮೆಯ ಮುಂದೆ ಸತ್ಯಾಗ್ರಹಿಗಳದ್ದು ಯಾವ ಲೆಕ್ಕ?

ಮೊದಲನೆಯ ಅಧ್ಯಾಯ, ನಾಯಕನ ಜನನ. ಇದಕ್ಕೆ ಮಾವ ಹುಲಿಕುಂಟೆಯ ಕಡೆ ಹೊರಟರು. ಬರೆದುಕೊಳ್ಳಲು ನನ್ನನ್ನೂ ಕರೆದುಕೊಂಡು ಹೋದರು. ಅರಳಿಕಟ್ಟೆಯ ಮೇಲೆ ಚೀಲ ಬಿಚ್ಚಿದ ಕೂಡಲೇ ಜನ ಸೇರಿದರು. ಮಾವ ನಿವೃತ್ತರಾದ ಸುದ್ದಿ ಆ ಊರಿಗೆ ಇನ್ನೂ ತಲುಪಿರಲಿಲ್ಲ. ತಲುಪಿಸಬೇಕೆಂದು ಮಾವನಿಗೂ ತೋರಲಿಲ್ಲ.

‘ಯಾರ್ ಸ್ವಾಮಿ ಹುಟ್ಟಿದ್ದು?’ ಎಂದ ಒಬ್ಬ.

‘ನಾಟಕ ಬರೆದೋರು. ಯಾರ ಹೊಲದಲ್ಲಿ ಅಂತ ಗೊತ್ತಾಗ್ಬೇಕು.’

‘ಗೊತ್ತಾದ್ರೆ ಸರ್ಕಾರ್ದೋರು ಹೊಲ ತಕ್ಕೊಂಡ್ಬುಡ್ತಾರಾ?’

ಮಾವ ಉತ್ತರ ಕೊಡುವುದರೊಳಗೆ ಹಿಂದಿನಿಂದ ಒಂದು ದನಿ ಬಂತು: ‘ನಮ್ ಹೊಲ್ದಾಗೆ ಇವತ್ಗೂ ನಾಯಿ ಸೈತ ಮರಿ ಹಾಕಿಲ್ಲ ಬುದ್ಧಿ!’ ಉಳಿದವರ ಹೊಲಗಳಲ್ಲಿಯೂ ಅನಾದಿಕಾಲದಿಂದ ಯಾವ ಪ್ರಾಣಿಯೂ ಜನಿಸಿಲ್ಲವೆಂದು ತಿಳಿದುಬಂತು. ಹುಲಿಕುಂಟೆಯ ಸುತ್ತಿನಲ್ಲಿ ಜನಸಂಖ್ಯೆ ಹೇಗೆ ಬೆಳೆಯಿತೋ!

ಕೊನೆಗೆ ಒಬ್ಬ ಮುದುಕ ಮೆಲ್ಲಗೆ ಕೇಳಿದ: ‘ಅಲ್ಲಾ ಬುದ್ಧಿ, ಹುಟ್ಟಿದ್ ಜಾಗ್ದಾಗೆ ಏನ್ಮಾಡ್ತಾರೆ?’

‘ಮಂಟಪ ಕಟ್ಬೋದು. ರಸ್ತೆ ಬರ್ಬೋದು. ನೋಡೋಕೆ ಬರೋ ಜನಕ್ಕೆ ನೀರು ಬೇಕಲ್ಲ, ಬಾವಿ ತೋಡಿಸ್ಬೋದು.’

ಬಾವಿ ಎಂಬ ಶಬ್ದ ಬೀಳುತ್ತಲೇ ಆ ಮುದುಕ ಎದ್ದುನಿಂತ. ‘ಅಂಗಾದ್ರೆ ಬರ್ಕಳಿ. ನಮ್ಮಜ್ಜ ಸಾಯೋವಾಗ ಹೇಳ್ಬುಟ್ಟೇ ಸತ್ತಿದ್ದು, ನಮ್ ಬೇವಿನ್ ಮರದ ಬುಡದಾಗೇ ಹುಟ್ಟಿದ್ದು ಅಂತ!’

‘ಲೇ, ನಿಮ್ಮಜ್ಜ ಮೂಗ ಅಲ್ವೇನ್ಲಾ?’

‘ಸನ್ನೆ ಮಾಡಿದ್ದ ಕಣ್ಲಾ!’

ಅರ್ಧ ಗಂಟೆಯೊಳಗೆ ನಾಟಕಕಾರ ಐದು ಹೊಲಗಳಲ್ಲಿ ಹುಟ್ಟಿದ. ಐದಕ್ಕೂ ಚಕ್ಕುಬಂದಿ ಇತ್ತು, ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ ಎಲ್ಲ ಖಚಿತ. ಐದು ಜನರೂ ಮರ್ಯಾದಸ್ಥರೇ. ಯಾರ ಹೇಳಿಕೆಯನ್ನು ತಳ್ಳಿಹಾಕುವುದು? ಮಾವ ಯಾರದನ್ನೂ ತಳ್ಳಲಿಲ್ಲ. ಕಾದಂಬರಿಯ ಮೊದಲ ಅಧ್ಯಾಯದಲ್ಲಿ ನಾಯಕನ ತಾಯಿ ಹೆರಿಗೆ ನೋವು ತಿನ್ನುತ್ತಾ ಐದು ಹೊಲಗಳನ್ನು ದಾಟುತ್ತಾಳೆ. ಪ್ರತಿ ಹೊಲದ ಬದುವಿನಲ್ಲೂ ಕುಳಿತು, ಎದ್ದು, ಮುಂದಕ್ಕೆ ನಡೆಯುತ್ತಾಳೆ! ಅತ್ತೆಗೆ ಓದಿ ಹೇಳಿದೆ. ‘ಪಾಪ, ಹೆಂಗಸಿನ ಮೇಲೆ ಏನ್ ಹಟ ನಿಮ್ಮ ಮಾವಂದು. ಒಂದು ಕಡೆ ಕೂರಕ್ಕೆ ಬುಟ್ರೆ ಆಗಿರೋದು’ ಎಂದರು.

ಶುದ್ಧಪ್ರತಿ ಮಾಡಿದೆ. ಅಂಗುಲದ ಜಾಗ ಖಾಲಿ ಬಿಟ್ಟೆ. ಮರುದಿನ ಪೆನ್ನಿನಲ್ಲಿ ಮಸಿ ತುಂಬಿತ್ತು.

ಮುಂದಿನ ಸವಾರಿ ಶಿರಾಕ್ಕೆ. ಪರ್ಷಿಯನ್ ಬಾರದೆ ಅಂಥ ನಾಟಕ ಬರೆಯಲು ಸಾಧ್ಯವಿಲ್ಲವೆಂದೂ, ಬಾಲಕ ಶಿರಾದಲ್ಲಿ ಯಾರದೋ ಅಂಗಡಿಯಲ್ಲಿದ್ದು ಕಲಿತಿರಬೇಕೆಂದೂ ಮಾವನ ಸಂಶಯ. ಅಲ್ಲಿ ಅತ್ತರಿನ ಅಂಗಡಿ ಇಟ್ಟಿದ್ದ ಸಾಹೇಬರು ಮಾವನ ಹಳೆಯ ಸ್ನೇಹಿತರು. ನಮಗೆ ಚಹಾ ತರಿಸಿ, ಮಾವ ಹೇಳಿದ್ದನ್ನೆಲ್ಲ ಕೇಳಿ, ಗಡ್ಡ ಸವರಿಕೊಂಡರು.

‘ಶೇಕ್ದಾರ್ ಸಾಬ್, ನಂದು ಉಮರ್ ಅರವತ್ತು. ಮುನ್ನೂರು ವರ್ಷದ್ದಕ್ಕೆ ಗವಾ, ಸಾಕ್ಷಿ, ಹೆಂಗೆ ಆಗ್ಲಿ ನಾನು?’

‘ಹಿರಿಯರು ಹೇಳಿ ಕೇಳಿ ಬಲ್ಲೆ ಅಂತ ಬರ್ಕೋತೀನಿ ಸಾಹೇಬ್ರೆ. ನಡೀತದೆ.’

‘ಹಿರಿಯರು ಹೇಳಿಲ್ವಲ್ಲ! ನಾಳೆ ಖುದಾನ ಮುಂದೆ ನಿಂತಾಗ ಅವರೂ ಅಲ್ಲೇ ಇರ್ತಾರೆ. ನಮ್ಮ ಹೆಸರು ಎತ್ತಿದ್ದೆ ಯಾಕೋ ಅಂದ್ರೆ ಏನ್ ಜವಾಬ್ ಕೊಡ್ಲಿ?’

ಮಾವನ ಮುಖ ಸಣ್ಣದಾಯಿತು. ಅದನ್ನು ಕಂಡು ಸಾಹೇಬರಿಗೆ ಕನಿಕರವಾಗಿರಬೇಕು. ಕಾಗದ ತೆಗೆದುಕೊಂಡು ತಮ್ಮ ಕೈಯಿಂದಲೇ ಬರೆದುಕೊಟ್ಟರು: ‘ಆ ಹುಡುಗ ಬಂದಿದ್ದನ್ನು ನಾನು ನೋಡಿಲ್ಲ, ಕೇಳಿಲ್ಲ. ಬಂದಿದ್ದರೆ ನಮ್ಮವರು ಊಟ ಹಾಕದೆ ಕಳುಹಿಸುತ್ತಿರಲಿಲ್ಲ. ಇದು ಖಚಿತ.’ ಕೆಳಗೆ ಉರ್ದುವಿನಲ್ಲಿ ರುಜು.

ಆ ಇಡೀ ಕಾದಂಬರಿಯಲ್ಲಿ ಪ್ರೊಫೆಸರರು ಒಪ್ಪಬಹುದಾಗಿದ್ದ ವಾಕ್ಯ ಅದೊಂದೇ ಎಂದು ನನಗೆ ಆಗಲೇ ಅನ್ನಿಸಿತು. ಮಾವ ಅದನ್ನು ಹಿಗ್ಗಿಸಿ ಹನ್ನೆರಡು ಪುಟದ ಒಂದು ಊಟ ಮಾಡಿದರು!

ಕೊರಟಗೆರೆಯಲ್ಲಿ ಒಬ್ಬ ಮೇಷ್ಟರು ಮಾವನಿಗಿಂತಲೂ ಕಟ್ಟುನಿಟ್ಟಿನವರು. ತಮ್ಮ ಶಾಲೆಯ ದಾಖಲಾತಿ ಪುಸ್ತಕವನ್ನು ಮೊದಲ ಪುಟದಿಂದ ತಿರುವಿಹಾಕಿ, ಆ ಹೆಸರಿನ ಬಾಲಕ ಇಲ್ಲಿ ಸೇರಿರುವುದಿಲ್ಲವೆಂದು ಮೊಹರು ಒತ್ತಿ ಬರೆದುಕೊಟ್ಟರು. ಸರಿ, ಏಳನೆಯ ಅಧ್ಯಾಯದ ಹೆಸರು ‘ನಾಯಕನು ಕೊರಟಗೆರೆಗೆ ಬರಲಿಲ್ಲ’. ಅರ್ಧ ಪುಟದ ಅಧ್ಯಾಯ. ಓದುಗರು ಇನ್ನೂ ಕೆಲವು ಊರುಗಳಿಗೆ ಅವನು ಹೋಗದಿದ್ದರೆ ಚೆನ್ನಾಗಿತ್ತೆಂದು ಹಾರೈಸುವಂತಿದೆ.

ಆದರೆ ಈ ಎಲ್ಲವನ್ನೂ ಮೀರಿಸಿದ್ದು ಹತ್ತನೆಯ ಅಧ್ಯಾಯ, ಪ್ರೇಮ. ಕಾದಂಬರಿಯಲ್ಲಿ ಪ್ರೇಮವಿಲ್ಲದಿದ್ದರೆ ಹೇಗೆ? ಕೆರೆಯ ಏರಿಯ ಮೇಲೆ ನಾಯಕನೂ ಒಬ್ಬ ಹುಡುಗಿಯೂ ಸಂಧಿಸುತ್ತಾರೆ. ಇಬ್ಬರೇ ಸಂಧಿಸಿದರೆ ಆ ವಿಷಯ ಹೊರಗೆ ಗೊತ್ತಾಗುವುದು ಹೇಗೆ ಎಂಬುದು ಮಾವನ ಪ್ರಶ್ನೆ. ಆದ್ದರಿಂದ ಹುಣಿಸೆಮರದ ಹಿಂದೆ ಐದು ಜನ ಹಿರಿಯರನ್ನು ನಿಲ್ಲಿಸಿದರು! ಹುಡುಗ ತನ್ನ ಮನಸ್ಸನ್ನು ಬಿಚ್ಚಿ ಹೇಳುತ್ತಾನೆ. ಹುಡುಗಿ ತಲೆ ತಗ್ಗಿಸುತ್ತಾಳೆ. ‘ಸದರಿ ಪ್ರೇಮವನ್ನು ಪಂಚರ ಸಮಕ್ಷಮ ಓದಿ ಹೇಳಲಾಗಿ, ಉಭಯತ್ರರೂ ಕೇಳಿ ಸರಿಯೆಂದು ಒಪ್ಪಿರುತ್ತಾರೆ’ ಎಂದು ಅಧ್ಯಾಯ ಮುಗಿಯುತ್ತದೆ.

ನಾನು ನಗಬಾರದೆಂದು ಬಹಳ ಪ್ರಯತ್ನಪಟ್ಟೆ. ಅತ್ತೆ ಪ್ರಯತ್ನಪಡಲಿಲ್ಲ.

‘ಇದ್ರಲ್ಲಿ ನಗೋದೇನೈತೆ?’ ಎಂದರು ಮಾವ.

‘ನಗ್ದೆ ಇನ್ನೇನು? ನಮ್ಮ ಮದುವೆ ದಿನ ನೀವು ನನ್ನ ಮುಖ ನೋಡಿದ್ರಾ? ಲಗ್ನಪತ್ರಿಕೇಲಿ ನಮ್ಮಪ್ಪನ ರುಜು ಬಿದ್ದೈತಾ ಅಂತ ನೋಡಿದ್ರಿ.’

‘ರುಜು ಬಿದ್ದಿತ್ತು. ಅದಕ್ಕೇ ಇವತ್ತಿಗೂ ಮದುವೆ ಗಟ್ಟಿಯಾಗಿ ನಿಂತದೆ.’

‘ನಿಂತಿರೋದು ನನ್ನಿಂದ ಕಣ್ರೀ!’ ಎಂದು ಅತ್ತೆ ಒಳಗೆ ಹೋದರು.

ಹೀಗೆ ಹದಿನಾಲ್ಕು ಅಧ್ಯಾಯಗಳಾದವು. ಎರಡನೆಯ ಅಧ್ಯಾಯ ಮಾತ್ರ ಬಂದಿರಲಿಲ್ಲ. ನಾಯಕನ ತಾಯಿ ಕಾಯಿಲೆ ಬಿದ್ದು, ಮೂರು ವರ್ಷದ ಮಗುವನ್ನು ಅವನ ಸೋದರಮಾವ ಕರೆದುಕೊಂಡು ಹೋಗುವ ಅಧ್ಯಾಯ ಅದು. ಕೇಳಿದರೆ, ‘ಸರಿಯಾದ ಪಂಚರು ಸಿಕ್ಕಿಲ್ಲ’ ಎನ್ನುತ್ತಿದ್ದರು. ಮುನ್ನೂರು ವರ್ಷದ ಹಿಂದಿನ ಹೆರಿಗೆಗೆ ಅರ್ಧ ಗಂಟೆಯಲ್ಲಿ ಐದು ಜನ ಸಾಕ್ಷಿಗಳನ್ನು ಹುಟ್ಟಿಸಿದವರಿಗೆ ಈಗ ಪಂಚರ ಬರ! ಪಾವಗಡದ ಕಡೆಗೆ ಮೂರು ಸಲ ಹೋಗಿಬಂದರು. ಆ ಸುಡುಬಿಸಿಲಿನಲ್ಲಿ, ಆ ವಯಸ್ಸಿನಲ್ಲಿ. ಯಾವ ಸಲವೂ ನನ್ನನ್ನು ಬಾ ಎನ್ನಲಿಲ್ಲ. ನಾನೂ ಬರುತ್ತೇನೆನ್ನಲಿಲ್ಲ.

ನಾನು ಮೈಸೂರಿಗೆ ಹೊರಡಲು ನಾಲ್ಕು ದಿನ ಇದೆ ಎನ್ನುವಾಗ ಮಾವ ಪಾವಗಡದ ಸೀಮೆಯ ಬಲಸಮುದ್ರದಿಂದ ಬಂದರು. ಎರಡನೆಯ ಅಧ್ಯಾಯವನ್ನು ಮೇಜಿನ ಮೇಲಿಟ್ಟು, ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ರುಜು ಇಲ್ಲದೆ ಅಚ್ಚಿಲ್ಲವೆಂದು ಪ್ರಕಾಶಕರು ಎರಡನೆಯ ಸಲವೂ ಬರೆದಿದ್ದರು. ಹದಿನಾಲ್ಕು ಖಾಲಿ ಅಂಗುಲಗಳು ಕಟ್ಟಿನಲ್ಲಿ ಕಾಯುತ್ತಿದ್ದವು. ಇದೊಂದನ್ನು ತಿದ್ದಿ ಕೈತೊಳೆದುಕೊಳ್ಳೋಣವೆಂದು ಕೆಂಪು ಪೆನ್ಸಿಲು ಹಿಡಿದು ಕುಳಿತೆ.

ಮೊದಲ ಪುಟದಲ್ಲೇ ತಪ್ಪು ಸಿಕ್ಕಿತು. ಮಗುವಿಗೆ ಎರಡು ಜಡೆ ಹಾಕುತ್ತಿದ್ದಾರೆ. ಗಂಡುಮಗುವಿಗೆ ಎರಡು ಜಡೆ ಏಕೆ? ಗೆರೆ ಎಳೆದೆ.

ತಾಯಿಗೆ ಕ್ಷಯ. ಮಗುವಿಗೆ ಅಂಟೀತೆಂದು ಮುಟ್ಟುತ್ತಿರಲಿಲ್ಲ. ಹತ್ತು ಮೊಳ ದೂರದಲ್ಲಿ ಜಗಲಿಯ ಮೂಲೆಯಲ್ಲಿ ಕುಳಿತು, ಪಕ್ಕದ ಮನೆಯ ಹೆಂಗಸಿನ ಕೈಯಲ್ಲಿ ಮಗುವಿನ ತಲೆ ಬಾಚಿಸುತ್ತಿದ್ದಳು. ಬಾಚಿ ಜಡೆ ಹಾಕಿ ಮುಗಿಸಿದರೆ, ‘ಬೈತಲೆ ಸೊಟ್ಟಗಾಯಿತು, ಬಿಚ್ಚಿ ಇನ್ನೊಂದು ಸಲ ಬಾಚಕ್ಕ’ ಎನ್ನುವಳು. ಹೀಗೆ ಮೂರು ಸಲ ಬಿಚ್ಚಿಸಿದಳು. ‘ಮೂರು ಸಲವೂ ಬೈತಲೆ ನೆಟ್ಟಗೇ ಇತ್ತೆಂದು ಸಾಕ್ಷಿದಾರಳು ಖಚಿತವಾಗಿ ಹೇಳಿರುತ್ತಾಳೆ.’

ಅಷ್ಟರಲ್ಲಿ ಬಸ್ಸು ಬಂತು.

ಕೆಂಪು ಪೆನ್ಸಿಲು ಎತ್ತಿದೆ. ಮುನ್ನೂರು ವರ್ಷದ ಹಿಂದೆ ಬಸ್ಸು! ಅದೂ ಇದ್ದಿಲು ಸುಟ್ಟು ಓಡುವ ಬಸ್ಸು, ಹಿಂದೆ ಕಟ್ಟಿದ ಡ್ರಮ್ಮಿನಿಂದ ಹೊಗೆ ಬಿಡುತ್ತಾ. ಯುದ್ಧದ ವರ್ಷಗಳಲ್ಲಿ ಪೆಟ್ರೋಲು ಸಿಕ್ಕದೆ ಹಾಗೆ ಓಡಿಸುತ್ತಿದ್ದರೆಂದು ಕೇಳಿದ್ದೇನೆ. ಪ್ರೊಫೆಸರರು ನೋಡಿದರೆ... ಎಂದುಕೊಳ್ಳುತ್ತಾ ಕೆಳಗಿನ ಸಾಲಿಗೆ ಬಂದೆ. ‘ಸೋದರಮಾವನು ಮಗುವನ್ನು ಎತ್ತಿಕೊಂಡು ಹತ್ತಿದನು. ಎರಡು ದಿವಸಕ್ಕೆ ಕಳುಹಿಸುತ್ತೇನೆಂದು ತಾಯಿ ಮಗುವಿಗೆ ಹೇಳಿದಳು. ಮಗು ಅಳಲಿಲ್ಲ. ಏಡವಲೇದಯ್ಯಾ, ಬಿಡ್ಡ ಏಡವಲೇದು ಎಂದು ಸಾಕ್ಷಿದಾರಳು ತೆಲುಗಿನಲ್ಲಿ ಎರಡು ಸಲ ಹೇಳಿ, ತಾನು ಅತ್ತಳು.’

ಕೆಳಗೆ ಐದು ರುಜುಗಳಿರಲಿಲ್ಲ. ಮೂರು ಹೆಬ್ಬೆಟ್ಟುಗಳಿದ್ದವು, ಮೂವರೂ ಹೆಂಗಸರು. ವಯಸ್ಸು ಐವತ್ತು, ಐವತ್ತೆರಡು, ಅರವತ್ತು. ಉಳಿದ ಅಧ್ಯಾಯಗಳಲ್ಲಿ ‘ಹಿರಿಯರು ಹೇಳಿ ಕೇಳಿ ಬಲ್ಲೆವು’ ಎಂದಿದ್ದ ಕಡೆ ಇಲ್ಲಿ ಬೇರೆ ಮಾತಿತ್ತು: ‘ಕಣ್ಣಾರೆ ಕಂಡು ಬಲ್ಲೆವು.’

ನಾನು ಮಾವನ ಮನೆಗೆ ಬಂದಾಗ ನನಗೆ ಮೂರು ವರ್ಷವಂತೆ. ನನ್ನ ತಾಯಿ ಪಾವಗಡದ ಕಡೆ ಯಾವುದೋ ಹಳ್ಳಿಯಲ್ಲಿ ತೀರಿಕೊಂಡರೆಂದು ಗೊತ್ತಿತ್ತು. ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿದವಳಲ್ಲ.

ಪುಟ ಹಿಡಿದುಕೊಂಡು ಹಿತ್ತಲಿಗೆ ಹೋದೆ. ಮಾವ ಬಾವಿಕಟ್ಟೆಯ ಮೇಲೆ ಕುಳಿತು ಕಾಲು ಒರೆಸಿಕೊಳ್ಳುತ್ತಿದ್ದರು.

‘ಮಾವ, ಇಲ್ಲಿ ಒಂದು ಬಸ್ಸು ಬಂದಿದೆ.’

‘ಹೂಂ.’

‘ಮುನ್ನೂರು ವರ್ಷದ ಹಿಂದೆ ಬಸ್ಸು ಇರಲಿಲ್ಲ.’

‘ಇರ್ಲಿಲ್ಲ.’ ಮಾವ ಟವೆಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ‘ನಿನ್ನ ಎತ್ಕೊಂಡು ನಾನೇ ಹತ್ತಿದ್ನಲ್ಲ ಮಗ. ಎತ್ತಿನ್ ಗಾಡಿ ಅಂತ ಹೆಂಗೆ ಬರೀಲಿ?’

ಬಾವಿಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕುಳಿತೆ. ಕೇಳಿದೆ: ‘ನೀವೇ ಅಲ್ಲಿದ್ದಿರಲ್ಲ. ಮೂರು ಸಲ ಬಿಸಿಲಲ್ಲಿ ಯಾಕೆ ಹೋದಿರಿ?’

‘ನಾನು ಬಸ್ ಕಾಯ್ತಾ ರಸ್ತೇಲಿ ನಿಂತಿದ್ದೆ. ಜಗಲಿ ಮೇಲೆ ಏನಾಯ್ತು ಅಂತ ನನಗೇನ್ ಗೊತ್ತು? ಆ ಹೆಂಗಸ್ರು ಮೂರು ಜನ ಮೂರು ಊರಿಗೆ ಹೋಗಿ ಸೇರ್ಕೊಂಡಿದ್ರು. ಅವ್ರೂ ಹೋಗ್ಬುಟ್ರೆ ಆಮೇಲೆ ಯಾರನ್ನ ಕೇಳೋದು?’

‘ನನಗೆ ಹೇಳಬಹುದಿತ್ತು.’

‘ನೀನು ಕೇಳ್ಲಿಲ್ಲ. ಕೇಳ್ದೆ ಇರೋರಿಗೆ ಹೆಂಗಮ್ಮ ಹೇಳೋದು? ಬರ್ದು ಇಟ್ರೆ, ತಪ್ಪು ತಿದ್ದಕ್ಕಾದ್ರೂ ಓದ್ತೀಯ ಅಂತ ಬರ್ದೆ.’

ಒಳಗಿನಿಂದ ಅತ್ತೆ ಊಟಕ್ಕೆ ಕರೆದರು. ಇಬ್ಬರೂ ಏಳಲಿಲ್ಲ. ಅತ್ತೆ ಎರಡನೆಯ ಸಲ ಕರೆಯಲಿಲ್ಲ.

ಆ ಮಧ್ಯಾಹ್ನ ಪೆನ್ನು ತೆಗೆದುಕೊಂಡು ಹದಿನೈದು ಅಧ್ಯಾಯಗಳಿಗೂ ರುಜು ಹಾಕಿದೆ. ಐದು ಹೊಲಗಳ ಹೆರಿಗೆಯನ್ನು ಪರಿಶೀಲಿಸಿದೆ. ಹುಣಿಸೆಮರದ ಹಿಂದಿನ ಐದು ಜನರನ್ನು ಪರಿಶೀಲಿಸಿದೆ. ಕೊರಟಗೆರೆಗೆ ಬಾರದ ನಾಯಕನನ್ನೂ ಪರಿಶೀಲಿಸಿದೆ. ಎರಡನೆಯ ಅಧ್ಯಾಯದಲ್ಲಿ ಜಡೆಯ ಮೇಲೆ ಎಳೆದಿದ್ದ ಕೆಂಪು ಗೆರೆಯನ್ನು ರಬ್ಬರಿನಿಂದ ಅಳಿಸಿದೆ. ಅದು ಪೂರ್ತಿ ಹೋಗಲಿಲ್ಲ.

ಮೈಸೂರಿಗೆ ಹೋದೆ. ಕೆಲವು ತಿಂಗಳ ಮೇಲೆ ಪುಸ್ತಕ ಅಚ್ಚಾಗಿ ಬಂತು. ಪ್ರೊಫೆಸರರಿಗೆ ಒಂದು ಪ್ರತಿ ಯಾರು ಕಳುಹಿಸಿದರೋ ತಿಳಿಯದು. ಮಾವನೇ ಇರಬೇಕು, ಸ್ವೀಕೃತಿ ರಸೀದಿ ಬೇಕೆಂದು ರಿಜಿಸ್ಟರು ಮಾಡಿ. ಪ್ರೊಫೆಸರರು ನನ್ನನ್ನು ಕೋಣೆಗೆ ಕರೆದರು. ಪುಸ್ತಕ ಅವರ ಮೇಜಿನ ಮೇಲೆ ತೆರೆದಿತ್ತು. ಐದು ಹೊಲಗಳನ್ನು ಕಾದಂಬರಿಯೆಂದು ಬಿಟ್ಟುಬಿಡಬಹುದು, ಪಂಚರನ್ನೂ ಬಿಡಬಹುದು ಎಂದರು. ಬೆರಳನ್ನು ಒಂದು ಸಾಲಿನ ಮೇಲಿಟ್ಟು, ‘ನೀವು ನೋಡಿ ರುಜು ಹಾಕಿದ ಪುಟ ಇದು. ಪಾಳೇಗಾರರ ಕಾಲಕ್ಕೆ ಈ ಬಸ್ಸು ಹೇಗೆ ಬಂತು? ನಿಮ್ಮ ಕಣ್ಣಿಗೆ ಬೀಳಲಿಲ್ಲವೆ?’ ಎಂದು ಕೇಳಿದರು.

ಬಿದ್ದಿತ್ತೆಂದು ಹೇಳಿದೆ. ಹಾಗಿದ್ದರೆ ಏಕೆ ಹೊಡೆದುಹಾಕಲಿಲ್ಲವೆಂದು ಕೇಳಿದರು. ಅಂಥವರ ಮುಂದೆ ಏನೆಂದು ಹೇಳುವುದು? ಆ ಬಸ್ಸಿನಲ್ಲಿ ನಾನಿದ್ದೆ.